ಬಲಗಡೆಯ ಹೊತ್ತು

ನವೆಂಬರ್ 3, ಭಾನುವಾರ

ಇವತ್ತಿನಿಂದ ಕಾಲೇಜಿಲ್ಲ, ಬಸ್ಸಿಲ್ಲ, ಬೋರ್ಡಿಲ್ಲ. ನಿನ್ನೆ ಸಿಂಧನೂರಿನಲ್ಲಿ ಅಂಬಿಕಾ ಡಾಕ್ಟರು ಸ್ಕ್ಯಾನ್ ಮಾಡಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ಎಂಟನೇ ತಿಂಗಳು ನಡದೈತಿ ನಾಹಿದಾ. ಅದರಾಗ ಅವಳಿ. ದಿನಾ ಮಸ್ಕಿಯಿಂದ ಬಸ್ಸಿನ್ಯಾಗ ಕುಲುಕಾಡಕೋಂತ ಬಂದು ಹುಡುಗರಿಗೆ ಜಾವಾ ಕಲಿಸೂದು ಇನ್ನ ಸಾಕು. ಮನ್ಯಾಗ ಮಲ್ಕೋರಿ."

ಅವಳಿ. ಆ ಶಬ್ದ ಬರೆದು ಬಾಗಿಲ ಕಡೆ ನೋಡಿದೆ. ಈ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ನನ್ನ ಅತ್ತೆ ಹುಸೇನ್‌ಬೀ, ನಾನು ಅಮ್ಮಿ ಎನ್ನುತ್ತೇನೆ, ಮೊದಲ ಸ್ಕ್ಯಾನ್ ಆದ ದಿನವೇ ಕಟ್ಟಪ್ಪಣೆ ಮಾಡಿದ್ದಾರೆ: "ಯಾರರೆ ಕೇಳಿದ್ರ ಒಂದು ಅನ್ನು. ಕೈಯಾಗ ಬರೂತನಕಾ ಒಂದೇ. ಮಂದಿ ಕಣ್ಣು ಚಲೋ ಇರಂಗಿಲ್ಲ ಬೇಟಿ." ನಾನು ಆಗ ನಕ್ಕಿದ್ದೆ. ಎಂ.ಸಿ.ಎ. ಮಾಡಿದವಳು, ಕಣ್ಣು ಬೀಳುವುದಕ್ಕೆ ಹೆದರುತ್ತೇನೆಯೇ ಎಂದು. ಆದರೂ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದಾಗ "ಒಂದು" ಎಂದೇ ಹೇಳಿಕೊಂಡು ಬಂದೆ. ಹಿರಿಯರ ಮಾತು, ಹೋಗಲಿ ಎಂದು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಎಡಗಡೆ ಇರುವುದು ದಷ್ಟಪುಷ್ಟವಾಗಿದೆ, ಬಲಗಡೆಯದು ಸ್ವಲ್ಪ ಸಣ್ಣದು. "ಹೆದರೂದೇನಿಲ್ಲ, ಆದ್ರ ನದರು ಇಡಬೇಕು. ಎರಡೂ ಬ್ಯಾರೆ ಬ್ಯಾರೆ ಕಡೆ ಅದಾವ, ಒದೆ ನಿಮಗ ತಿಳೀತಾವ. ಹಗಲಿನ್ಯಾಗ ಎರಡು ತಾಸು ಯಾವ ಕಡೆನೂ ಮಿಸುಕಾಡಲಿಲ್ಲಂದ್ರ ಕೂತು ವಿಚಾರ ಮಾಡಬ್ಯಾಡ್ರಿ, ಸೀದಾ ಬರ್ರಿ."

ಹೆದರೂದೇನಿಲ್ಲ ಎಂದು ಡಾಕ್ಟರು ಹೇಳಿದಾಗಿನಿಂದಲೇ ನನಗೆ ಹೆದರಿಕೆ ಶುರುವಾಗಿದೆ.

ನವೆಂಬರ್ 5, ಮಂಗಳವಾರ

ಮಲಗಿ ಮಲಗಿ ತಲೆ ಕೆಟ್ಟಿತು. ಎಡಕ್ಕೆ ಯಾವಾಗ ಒದ್ದಿತು, ಬಲಕ್ಕೆ ಯಾವಾಗ ಒದ್ದಿತು ಎಂದು ಗೋಡೆಯ ಗಡಿಯಾರ ನೋಡಿ ನೆನಪಿಟ್ಟುಕೊಳ್ಳಲು ಹೋಗಿ, ಊಟದ ಹೊತ್ತಿಗೆ ಎರಡೂ ಕಲಸಿಹೋದವು. ಕೊನೆಗೆ ಲ್ಯಾಪ್‌ಟಾಪ್ ತೆರೆದು ಫೋನಿಗೊಂದು ಸಣ್ಣ ಆ್ಯಪ್ ಬರೆದೆ. ನನಗೆ ಬರುವ ವಿದ್ಯೆ ಅದೊಂದೇ ತಾನೆ.

ಎಷ್ಟು ಗಂಟೆಯಾಯಿತು ಎಂಬುದು ಬೇರೆ, ಎಷ್ಟು ಹೊತ್ತಾಯಿತು ಎಂಬುದು ಬೇರೆ. ಇದನ್ನು ಹುಡುಗರಿಗೆ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಅದಕ್ಕೆಂದೇ ಅವರ ಕೈಯಿಂದ "ಅವಧಿ" ಎಂಬ ಕ್ಲಾಸು ಬರೆಸಿದ್ದೆ: ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಮಾತ್ರ ತನ್ನೊಳಗೆ ಇಟ್ಟುಕೊಳ್ಳುವ ಒಂದು ಅಚ್ಚು. ಆ ಅಚ್ಚಿನಿಂದ ಬೇಕಾದಷ್ಟು ಆಬ್ಜೆಕ್ಟ್ ತೆಗೆಯಬಹುದು, ಒಂದೊಂದೂ ತನ್ನ ಹೊತ್ತನ್ನು ತಾನು ನೋಡಿಕೊಳ್ಳುತ್ತದೆ. ಅದನ್ನೇ ತೆಗೆದುಕೊಂಡೆ. ಎಡಕ್ಕೊಂದು ಅವಧಿ, ಬಲಕ್ಕೊಂದು ಅವಧಿ. ಪರದೆಯ ಮೇಲೆ ಎರಡು ಗಡಿಯಾರ, ಕೆಳಗೆ ಎರಡು ಬಟನ್. ಯಾವ ಕಡೆ ಒದೆ ಬಿತ್ತೋ ಆ ಕಡೆಯ ಬಟನ್ ಒತ್ತಿದರೆ ಆ ಗಡಿಯಾರ ಸೊನ್ನೆಗೆ ಬಂದು ಮತ್ತೆ ಓಡುತ್ತದೆ. ಹಗಲಿನಲ್ಲಿ ಯಾವುದಾದರೂ ಎರಡು ತಾಸು ದಾಟಿತೋ, ಗಂಟೆ ಹೊಡೆಯುತ್ತದೆ.

ಮೊದಲ ಸಲ ನಡೆಸಿದಾಗ ಲೆಕ್ಕ ತಪ್ಪಿತು. ಹನ್ನೊಂದೂವರೆಗೆ ಒದ್ದದ್ದಕ್ಕೆ ಒಂದು ಗಂಟೆಗೆ ನೋಡಿದರೆ ಮೈನಸ್ ಹತ್ತೂವರೆ ತಾಸು ಎಂದು ತೋರಿಸುತ್ತಿತ್ತು. ಹನ್ನೆರಡು ದಾಟಿದ ಮೇಲೆ ಒಂದು ಬರುತ್ತದಲ್ಲ, ಆ ತಪ್ಪು. ಇಂಥದಕ್ಕೆ ನಾನು ಹುಡುಗರ ಮಾರ್ಕು ಕತ್ತರಿಸುತ್ತೇನೆ. ಕೂಡಲೇ ತಿದ್ದಿದೆ.

ಸಂಜೆ ಹಟ್ಟಿಯಿಂದ ಜಬಿಯ ಫೋನು. ನನ್ನ ಗಂಡ ಜಬೀವುಲ್ಲಾ ಗಣಿಯಲ್ಲಿ ಎಲೆಕ್ಟ್ರಿಶಿಯನ್, ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ಭಾನುವಾರಕ್ಕೊಮ್ಮೆ ಮಸ್ಕಿಗೆ ಬರುತ್ತಾನೆ. ಆ್ಯಪ್ ವಿಷಯ ಕೇಳಿ ನಕ್ಕ. "ಹುಟ್ಟೂಕಿಂತ ಮೊದಲ ಹಾಜರಿ ತಗೊಳ್ಳಾಕತ್ತಿಯೇನ? ಮೇಡಮ್ ಹೊಟ್ಟ್ಯಾಗ ಹುಟ್ಟೂದು ಭಾಳ ಕಷ್ಟ ಐತಿ."

ನಗಲಿ. ಗಣಿಯ ಕೆಳಗೆ ಇಳಿದರೆ ಅವನ ಫೋನು ಹತ್ತುವುದಿಲ್ಲ. ಅವನು ಪಾಳಿಯ ಮೇಲಿದ್ದಾಗ ಏನಾದರೂ ಆದರೆ ನಾನು ಯಾರಿಗೆ ಹೇಳಲಿ ಎಂಬುದೇ ನನ್ನ ಚಿಂತೆ.

ನವೆಂಬರ್ 8, ಶುಕ್ರವಾರ

ಗಂಟೆ ಹೊಡೆಯಿತು. ಬಲದ್ದು.

ತಣ್ಣೀರು ಕುಡಿದೆ, ಬೆಲ್ಲ ತಿಂದೆ, ಎಡಕ್ಕೆ ಹೊರಳಿ ಮಲಗಿದೆ, ಹೊಟ್ಟೆ ತಟ್ಟಿದೆ. ಬಲಗಡೆ ಸದ್ದಿಲ್ಲ. ಪಕ್ಕದ ಮನೆಯ ವೀರೇಶ ಬಾಡಿಗೆ ಕಾರು ಓಡಿಸುತ್ತಾನೆ. ಉಣ್ಣುತ್ತ ಕೂತವನು ಕೈ ತೊಳೆದು ಎದ್ದು ಬಂದ. ಸಿಂಧನೂರು ಮುಟ್ಟುವವರೆಗೂ ಅಮ್ಮಿ ಹಿಂದಿನ ಸೀಟಿನಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು ತುಟಿ ಅಲ್ಲಾಡಿಸುತ್ತಲೇ ಇದ್ದರು.

ಡಾಕ್ಟರು ಯಂತ್ರ ಇಟ್ಟರು. ಎಡದ ಎದೆಬಡಿತ ಕೇಳಿಸಿತು. ಆಮೇಲೆ ಬಲದ್ದೂ ಕೇಳಿಸಿತು. ಆ ಸಪ್ಪಳ ಕೇಳಿ ನಾನು ಅತ್ತದ್ದು ನೋಡಿ ನರ್ಸು ಹೆದರಿದಳು.

"ಮಲಗಿತ್ತು ಅಷ್ಟ" ಎಂದರು ಡಾಕ್ಟರು. "ಸುಮ್ಮನ ಬಂದೆ ಅಂತ ನಾಚಿಕಿ ಪಡಬ್ಯಾಡ್ರಿ. ಗಂಟಿ ಹೊಡದಾಗ ಹಿಂಗ ಬರ್ರಿ."

ನಾಚಿಕೆಯೇನೋ ಆಯಿತು. ಆಸ್ಪತ್ರೆಯಿಂದ ಹೊರಬರುವಾಗಲೇ ಬಲಗಡೆ ಎರಡು ಒದೆ ಬಿದ್ದವು, ಬೇಕೆಂದೇ ಮಾಡಿದ ಹಾಗೆ. ಸೋಮಾರಿ ಎಲ್ಲಿಯದೋ.

ನವೆಂಬರ್ 11, ಸೋಮವಾರ

ನಿನ್ನೆ ಮತ್ತೆ ಬಲದ ಗಂಟೆ. ಜಬಿ ಮನೆಯಲ್ಲೇ ಇದ್ದ, ಅವನೇ ಕರೆದುಕೊಂಡು ಹೋದ. ಮತ್ತೆ ಏನೂ ಇಲ್ಲ. ಈಗ ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ ನನ್ನ ಎದೆ ಹಾರುತ್ತದೆ. ಫೋನನ್ನು ಕೈಗೆ ತೆಗೆದುಕೊಳ್ಳಲು ಹೆದರಿಕೆ, ಕೆಳಗಿಡಲು ಅದಕ್ಕಿಂತ ಹೆದರಿಕೆ.

ನವೆಂಬರ್ 13, ಬುಧವಾರ

ಇವತ್ತು ಮನೆಯಲ್ಲಿ ಒಂದು ಪ್ರಸಂಗವಾಯಿತು. ವೀರೇಶನ ತಾಯಿ ಪೀರಮ್ಮ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ನೋಡಲು ಬಂದಿದ್ದರು. ಒಳ್ಳೆಯ ಹೆಂಗಸು. ಫೋನು ಮಂಚದ ಮೇಲೆ ತೆರೆದೇ ಇತ್ತು.

"ಇದೇನವಾ ಎರಡು ಗಡಿಯಾರ?" ಎಂದು ಬಾಗಿದರು.

ಅಮ್ಮಿ ಎಲ್ಲಿದ್ದರೋ, ಬಂದು ಫೋನಿನ ಮೇಲೆ ಸೆರಗು ಹಾಕಿದರು. "ಒಂದು ಕೂಸಿಂದು ಪೀರಮ್ಮ, ಒಂದು ಈಕಿ ಗುಳಿಗಿದು. ಹೊತ್ತಿಗೆ ಸರಿಯಾಗಿ ತಗೋಬೇಕಲ್ಲ."

ಪೀರಮ್ಮ ಹೋದ ಮೇಲೆ ಅಮ್ಮಿ ನನ್ನ ಕಾಲ ಹತ್ತಿರ ಕುಳಿತರು. ಮುಖ ಬಿಳುಚಿತ್ತು. "ಅದನ್ನ ಒಂದು ಮಾಡು" ಎಂದರು.

ನನಗೆ ಸಿಟ್ಟು ಬಂತು. "ಅಮ್ಮಿ, ಫೋನಿನ್ಯಾಗಿನ ಗಡಿಯಾರಕ್ಕೂ ನಜರ್ ಬೀಳತೈತೇನ್ರಿ?" ಎಂದೆ.

ಅವರು ತಡೆದು ತಡೆದು ಹೇಳಿದರು. ಹೊರಗೆ ಭತ್ತ ಕೊಯ್ಯುವ ಯಂತ್ರ ಹೋಗುತ್ತಿತ್ತು, ಆ ಸದ್ದಿನಲ್ಲಿ ಅರ್ಧ ಮಾತು ನುಂಗಿಹೋಯಿತು. "ಜಬಿ ಹೊಟ್ಟ್ಯಾಗಿದ್ದಾಗ ಇಬ್ಬರಿದ್ರು. ಸೂಲಗಿತ್ತಿ ಮುಟ್ಟಿ ಹೇಳಿದ್ಲು, ಎರಡು ಅದಾವ ಅಂತ. ನಾ ಹುಚ್ಚಿ, ಹಿರಿ ಹಿಗ್ಗಿ ಅರಿವಿ ಒಗಿಯಾಕ ಹೋದಲ್ಲೆಲ್ಲಾ ಹೇಳಿಕೋಂತ ತಿರುಗಿದೆ. ಜಬಿ ಬಂದ, ಅತ್ತ. ಆಮ್ಯಾಲೆ ಆಕಿ ಬಂದ್ಲು. ಆಕಿ ಅಳಲಿಲ್ಲ."

ಜಬಿಗೆ ಗೊತ್ತೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದರು.

ಸಿಟ್ಟು ಎಲ್ಲಿ ಹೋಯಿತೋ. ಈ ಮುದುಕಿ ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆ. ಅವರ ಸಮಾಧಾನಕ್ಕೆ ಒಂದು ಮಾಡಿದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ಸರಿಯಾಗಿ ಮಾಡುವುದೆಂದರೆ ಒಳಗೆ ಎರಡೂ ಅವಧಿ ಓಡುತ್ತಿರಬೇಕು, ಪರದೆಯ ಮೇಲೆ ಮಾತ್ರ ಒಂದು ಕಾಣಬೇಕು. ಅದಕ್ಕೆ ಪರದೆಯ ಭಾಗವನ್ನೆಲ್ಲ ಬಿಚ್ಚಿ ಬರೆಯಬೇಕು, ಬೆನ್ನು ಸೀಳುತ್ತಿತ್ತು. ಸುಲಭದ್ದು ಮಾಡಿದೆ. ಬಲಕ್ಕೆ ಹೊಸದೊಂದು ಅವಧಿ ಮಾಡಿಕೊಡುವ ಸಾಲನ್ನು ಅಳಿಸಿ, ಎಡದ ಅವಧಿಯನ್ನೇ ಬಲಕ್ಕೂ ಕೊಟ್ಟೆ. ಒಂದೇ ಸಾಲು. ಎರಡೂ ಒಂದೇ ಆದ್ದರಿಂದ ಈಗ ಪರದೆಯ ಮೇಲೆ ಗಡಿಯಾರ ಒಂದು, ಬಟನ್ ಎರಡು. ಅಮ್ಮಿ ನೋಡಿ ನನ್ನ ತಲೆ ಸವರಿದರು.

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಸರಿಯಾಗಿ ಬರೆಯಬೇಕು.

ನವೆಂಬರ್ 14, ಗುರುವಾರ

ತಲೆನೋವು. ಬಿ.ಪಿ. ಗುಳಿಗೆ ತೆಗೆದುಕೊಂಡು ದಿನವಿಡೀ ಮಲಗಿದ್ದೆ, ಒದೆ ಬಿದ್ದಾಗ ಮಲಗಿದಲ್ಲೇ ಬಟನ್ ಒತ್ತಿದೆ. ಗಂಟೆ ಹೊಡೆಯಲಿಲ್ಲ, ಅಲ್ಲಾನ ದಯೆ.

ನವೆಂಬರ್ 17, ಭಾನುವಾರ

ಇವತ್ತು ಚೆನ್ನಾಗಿತ್ತು. ಜಬಿ ಲಿಂಗಸುಗೂರಿನಿಂದ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ, ಡಾಕ್ಟರು ಬೇಡ ಎಂದದ್ದನ್ನು ಮರೆತವರ ಹಾಗೆ ಇಬ್ಬರೂ ತಿಂದೆವು. ಗಂಟೆ ಹೊಡೆಯದೆ ನಾಲ್ಕು ದಿನವಾಯಿತು. ಮೊದಲು ದಿನ ಬಿಟ್ಟು ದಿನ ಪ್ರಾಣ ತಿನ್ನುತ್ತಿತ್ತಲ್ಲ, ಈಗ ಸುಮ್ಮನಿದೆ.

"ಈಗ ಹೆಂಗೈತಿ ನಿಮ್ಮ ಹಾಜರಿ ಪುಸ್ತಕ?" ಎಂದು ಜಬಿ ಕೇಳಿದ.

"ಫುಲ್ ಹಾಜರಿ ರೀ" ಎಂದೆ.

"ಮತ್ತ, ನಾ ಹೇಳಿದ್ನೆಲ್ಲ. ನೀನ ಹೆದರಿ ಅದಕ್ಕೂ ಹೆದರಿಸಿದ್ದಿ. ನಿನಗ ಸಮಾಧಾನ ಆತು, ಅದಕ್ಕೂ ಆತು."

ಅದಕ್ಕೆ, ಅದು. ಅವನೂ ಈಗ ಒಂದೇ ಎನ್ನುವ ಹಾಗೆ ಮಾತಾಡುತ್ತಾನೆ. ನಾನೂ ಹಾಗೇ. ಅಮ್ಮಿಯ ಮಾತು ಪಾಲಿಸಿದ್ದರಿಂದಲೇ ಮನೆಗೆ ಶಾಂತಿ ಬಂತೋ ಏನೋ, ಯಾರಿಗೆ ಗೊತ್ತು. ಮಧ್ಯಾಹ್ನ ಅವರು ಉಪ್ಪು ಮೆಣಸಿನಕಾಯಿ ನಿವಾಳಿಸಲು ಬಂದಾಗ ನಾನೇ ಎದ್ದು ಕುಳಿತೆ, ಸರಿಯಾಗಿ ಮೂರು ಸುತ್ತು ಹಾಕಿರಿ ಎಂದೂ ಹೇಳಿದೆ.

ನವೆಂಬರ್ 19, ಮಂಗಳವಾರ

ಎಡದ್ದು ಇವತ್ತು ಫುಟ್‌ಬಾಲ್ ಆಡುತ್ತಿದೆ. ಒತ್ತಿ ಒತ್ತಿ ಬೆರಳು ನೋಯುತ್ತದೆ. ಬಲದ ಬಟನ್ ಯಾವಾಗ ಒತ್ತಿದೆ ಎಂದು ಈಗ ಕೂತು ನೆನಪಿಸಿಕೊಂಡರೆ ನೆನಪಾಗುತ್ತಿಲ್ಲ. ಬೆಳಿಗ್ಗೆ ಒಮ್ಮೆ ಒತ್ತಿದ್ದೆನೇ? ಅದು ನಿನ್ನೆಯೇ? ಆದರೆ ಗಂಟೆ ಹೊಡೆದಿಲ್ಲ ಎಂದರೆ ಒತ್ತಿರಲೇಬೇಕು. ಅದಕ್ಕೇ ತಾನೆ ಆ್ಯಪ್ ಬರೆದದ್ದು, ನಾನು ನೆನಪಿಟ್ಟುಕೊಂಡು ಒದ್ದಾಡಬಾರದೆಂದು.

ಕಣ್ಣು ಎಳೆಯುತ್ತಿದೆ. ಇತ್ತೀಚೆಗೆ ನಿದ್ದೆ ಚೆನ್ನಾಗಿ ಬರುತ್ತದೆ.

ನವೆಂಬರ್ 20, ಬುಧವಾರ, ಮಧ್ಯಾಹ್ನ

ವೀರೇಶನ ಕಾರು ಬರುವವರೆಗೆ ಬರೆಯುತ್ತೇನೆ. ಬರೆಯದಿದ್ದರೆ ಕೂಗಿಬಿಡುತ್ತೇನೆ, ಕೂಗಿದರೆ ಅಮ್ಮಿ ಬಿದ್ದುಬಿಡುತ್ತಾರೆ.

ಊಟವಾದ ಮೇಲೆ ದೀಪಾ ಫೋನು ಮಾಡಿದ್ದಳು. ಕೊನೆಯ ವರ್ಷದ ಹುಡುಗಿ, ಚುರುಕು. ನಾಳೆ ಅಸೈನ್‌ಮೆಂಟ್ ಕೊಡಬೇಕಂತೆ. ಬಸ್ಸುಗಳ ಪ್ರಯಾಣದ ಹೊತ್ತು ಲೆಕ್ಕ ಹಾಕುವ ಪ್ರೋಗ್ರಾಮು, ನಾನೇ ಕೊಟ್ಟದ್ದು.

"ಮೇಡಮ್, ಮಸ್ಕಿಯಿಂದ ಎರಡು ಬಸ್ಸು ಮಾಡೀನ್ರಿ. ಒಂದು ಲಿಂಗಸುಗೂರಿಗೆ, ಒಂದು ಸಿಂಧನೂರಿಗೆ. ಲಿಂಗಸುಗೂರಿನ ಬಸ್ಸಿಗೆ ಹತ್ತು ನಿಮಿಷ ಕೂಡಿಸಿದ್ರ ಸಿಂಧನೂರಿನ ಬಸ್ಸಿಗೂ ಹತ್ತು ನಿಮಿಷ ಕೂಡಾಕತ್ತೈತ್ರಿ. ಸೊನ್ನಿ ಮಾಡಿದ್ರ ಎರಡೂ ಸೊನ್ನಿ ಆಗಾಕತ್ತಾವ. ಎಲ್ಲಿ ತಪ್ಪೈತಿ ತಿಳೀವಲ್ದು."

ನಾನು ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ. "ಎರಡು ಬಸ್ಸು ಮಾಡೀದಿ ಖರೆ, ದೀಪಾ. ಅವಕ್ಕ ಎರಡು ಅವಧಿ ಮಾಡಿಲ್ಲ. ಇರೂ ಒಂದನ್ನ ಎರಡಕ್ಕೂ ಕೊಟ್ಟೀದಿ. ಒಂದರ ಹೆಸರಿನ್ಯಾಗ ಸೊನ್ನಿ ಮಾಡಿದ್ರ ಇನ್ನೊಂದರದೂ ಸೊನ್ನಿ ಆಗತೈತಿ, ಅದು ನಿಂತರೂ ನಿನಗ ಗೊತ್ತ ಆಗಂಗಿಲ್ಲ."

ಅಷ್ಟು ಹೇಳಿ ನನ್ನ ಬಾಯಿ ನಿಂತಿತು. "ಮೇಡಮ್, ಕೇಳಾಕತ್ತೈತೇನ್ರಿ?" ಎಂದು ದೀಪಾ ಕೇಳುತ್ತಲೇ ಇದ್ದಳು. ಫೋನು ಇಟ್ಟುಬಿಟ್ಟೆ.

ಒಂದು ವಾರ. ಎಡದ್ದು ಒದ್ದಾಗೆಲ್ಲ ಬಲದ ಹೊತ್ತೂ ಸೊನ್ನೆಗೆ ಬಂದಿದೆ. ಎಡದ್ದು ಒದೆಯದೆ ಎಂದೂ ಇರುವುದಿಲ್ಲ. ಹಾಗಾದರೆ ಗಂಟೆ ಹೇಗೆ ಹೊಡೆದೀತು? ಬಲದ್ದು ಬೆಳಿಗ್ಗೆಯಿಂದ ಸುಮ್ಮನಿದ್ದರೂ ಹೊಡೆಯುವುದಿಲ್ಲ, ನಿನ್ನೆಯಿಂದ ಸುಮ್ಮನಿದ್ದರೂ ಹೊಡೆಯುವುದಿಲ್ಲ. ಮರುದಿನ ಬೆಳಿಗ್ಗೆ ತಿದ್ದುತ್ತೇನೆ ಎಂದಿದ್ದೆ. ಗಂಟೆ ಸುಮ್ಮನಾಯಿತಲ್ಲ, ಆ ಸುಖಕ್ಕೆ ಮರೆತೆ. ಇಲ್ಲ, ಮರೆಯಲಿಲ್ಲ. ಆ ಗಂಟೆ ಮತ್ತೆ ಕೇಳುವುದು ನನಗೆ ಬೇಡವಾಗಿತ್ತು.

ಬಲಗಡೆ ಕೈಯಿಟ್ಟು ಒತ್ತಿ ನೋಡಿದೆ. ಒಗೆದಿಟ್ಟ ಬಟ್ಟೆಯ ಗಂಟಿನ ಹಾಗಿದೆ. ಯಾವಾಗಿನಿಂದ ಹೀಗಿದೆ ಎಂದು ನನಗೆ ಗೊತ್ತಿಲ್ಲ. ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕಾದವಳು ನಾನೊಬ್ಬಳು.

ಜಬಿಯ ಫೋನು ಹತ್ತುತ್ತಿಲ್ಲ. ಕೆಳಗಿದ್ದಾನೆ.

ಯಾ ಅಲ್ಲಾ. ಕಾರು ಬಂತು.

ನವೆಂಬರ್ 21, ಗುರುವಾರ

ಬರೆಯಲು ಆಗುತ್ತಿಲ್ಲ. ಗಾಜಿನ ಕೋಣೆಗೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ನವೆಂಬರ್ 24, ಭಾನುವಾರ

ಹೊಲಿಗೆ ಉರಿಯುತ್ತದೆ, ಆದರೆ ಕೂತುಕೊಳ್ಳಬಲ್ಲೆ. ಆ ದಿನದ್ದು ಬರೆದಿಡಬೇಕು.

ದಾರಿ ತುಂಬ ಭತ್ತದ ಟ್ರ್ಯಾಕ್ಟರುಗಳು. ವೀರೇಶ ಹಾರ್ನ್ ಒತ್ತಿ ಹಿಡಿದೇ ಓಡಿಸಿದ. ಅಮ್ಮಿಗೆ ದಾರಿಯಲ್ಲೇ ಹೇಳಿದೆ. ಬಚ್ಚಿಡುವ ಶಕ್ತಿ ಇರಲಿಲ್ಲ. "ಎರಡು ಗಡಿಯಾರ ಒಂದು ಮಾಡೀದ್ನೆಲ್ಲ ಅಮ್ಮಿ, ಅವತ್ತಿನಿಂದ ಬಲಗಡಿದ್ದನ್ನ ಯಾರೂ ನೋಡಿಲ್ಲ. ನನ್ನ ಕೈಯಾರೆ ಮಾಡೀನಿ." ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ನನ್ನ ಕೈಯನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆಯಿತು.

ಆಸ್ಪತ್ರೆಯಲ್ಲಿ ಅಂಬಿಕಾ ಡಾಕ್ಟರು ಬೇರೆ ಆಪರೇಷನ್‌ನಲ್ಲಿದ್ದರು. ಹೊಸ ನರ್ಸು ಒಬ್ಬಳು ನನ್ನನ್ನು ಮಲಗಿಸಿ, ಎದೆಬಡಿತ ಕೇಳುವ ಯಂತ್ರ ಕೈಯಲ್ಲಿ ಹಿಡಿದು ಕೇಳಿದಳು. "ಎಷ್ಟನೇ ತಿಂಗಳ? ಒಂದ ಕೂಸೇನು?"

ನಾನು "ಹ್ಞೂಂ, ಒಂದು" ಎಂದೆ.

ಬರೆಯಲು ಕೈ ಬರುತ್ತಿಲ್ಲ, ಆದರೆ ಹಾಗೇ ಎಂದೆ. ಅಷ್ಟು ತಿಂಗಳು ಹೇಳಿ ಹೇಳಿ ನಾಲಿಗೆಗೆ ಅದೇ ಬಂತು. ಅವಳು ಯಂತ್ರವನ್ನು ಎಡಕ್ಕೆ ಇಟ್ಟಳು. ಕುದುರೆ ಓಡಿದ ಹಾಗೆ ಬಡಿತ ಕೇಳಿಸಿತು. "ನೋಡ್ರಿ, ಚಲೋ ಐತಿ, ಸುಮ್ಮನ ಗಾಬರಿ ಆಗೀರಿ" ಎಂದು ಒರೆಸಲು ಬಟ್ಟೆ ತೆಗೆದುಕೊಂಡಳು.

ಆಗ ಬಾಗಿಲಲ್ಲಿ ನಿಂತಿದ್ದ ಅಮ್ಮಿ ಒಳಗೆ ನುಗ್ಗಿದರು. "ಎರಡು" ಎಂದರು. ಮೊದಲು ಮೆಲ್ಲಗೆ. ನರ್ಸು ತಿರುಗಲಿಲ್ಲ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತ ಮಂದಿಯೆಲ್ಲ ಕತ್ತು ಚಾಚುವ ಹಾಗೆ ಕೂಗಿದರು. "ಎರಡು ಅದಾವ್ರೀ! ನನ್ನ ಸೊಸಿ ಹೊಟ್ಟ್ಯಾಗ ಎರಡು ಅದಾವ. ಬಲಗಡಿದ್ದು ಮಿಸುಕಾಡವಲ್ದು. ಆಕೀನ ನೋಡ್ರಿ ಮೊದಲ, ಆಕೀನ ನೋಡ್ರಿ."

ಆಕೀನ ಎಂದರು. ಅದು ಹೆಣ್ಣೆಂದು ಯಾರಿಗೂ ಗೊತ್ತಿರಲಿಲ್ಲ. ಅವರು ಯಾರನ್ನು ನೆನೆದು ಹಾಗೆಂದರು ಎಂದು ನಾನೊಬ್ಬಳಿಗೆ ಗೊತ್ತಿತ್ತು.

ನರ್ಸಿನ ಮುಖ ಬದಲಾಯಿತು. ಯಂತ್ರವನ್ನು ಬಲಕ್ಕೆ ತಂದಳು. ಹುಡುಕಿದಳು. ಕೆಳಗೆ, ಮೇಲೆ, ಪಕ್ಕಕ್ಕೆ. ಕೊನೆಗೆ ಸಿಕ್ಕಿತು, ನಿಧಾನಕ್ಕೆ, ತಪ್ಪಿ ತಪ್ಪಿ, ದೂರದಲ್ಲೆಲ್ಲೋ ಯಾರೋ ಬಾಗಿಲು ತಟ್ಟುವ ಹಾಗೆ. ಅವಳು ಓಡಿದಳು. ಆಮೇಲೆ ಎಲ್ಲರೂ ಓಡಿದರು, ನನ್ನನ್ನು ಆಪರೇಷನ್‌ಗೆ ಒಯ್ದರು.

ಮೊದಲು ಎಡಗಡೆಯವನು ಬಂದ. ಊರಿಗೆಲ್ಲ ಕೇಳುವ ಹಾಗೆ ಅತ್ತ. ಆಮೇಲೆ ಅವಳು ಬಂದಳು. ಅವಳು ಅಳಲಿಲ್ಲ. ಪರದೆಯ ಆಚೆ ಡಾಕ್ಟರು ಏನೇನೋ ಬೇಕೆಂದು ಕೇಳುತ್ತಿದ್ದರು, ತಟ್ಟುವ ಸದ್ದು, ಯಾವುದೋ ಗಾಳಿಯ ಸದ್ದು. ಎಷ್ಟು ಹೊತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಣಿಸಲಿಲ್ಲ. ಅಳು ಮಗಳೇ, ಅಳು ಎಂದು ಅಷ್ಟೇ ಹೇಳುತ್ತಿದ್ದೆ. ಕಡೆಗೆ ಒಂದು ಸದ್ದು ಬಂತು, ಬೆಕ್ಕಿನ ಮರಿಗಿಂತ ಸಣ್ಣದು.

"ಇನ್ನ ಒಂದರ್ಧ ದಿನ ತಡಾ ಆಗಿದ್ರ" ಎಂದು ಡಾಕ್ಟರು ಮರುದಿನ ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು. ಅವಳನ್ನು ಗಾಜಿನ ಕೋಣೆಯಲ್ಲಿ ಬಿಸಿ ದೀಪದ ಕೆಳಗೆ ಇಟ್ಟಿದ್ದಾರೆ. ದಿನ ಕಳೆಯಲಿ, ಈಗಲೇ ಏನೂ ಹೇಳುವುದಿಲ್ಲ ಎಂದಿದ್ದಾರೆ.

ನವೆಂಬರ್ 26, ಮಂಗಳವಾರ

ಜಬಿಗೆ ಎಲ್ಲ ಹೇಳಿದೆ. ನಾನು ಮಾಡಿದ್ದು, ಅಮ್ಮಿ ಮುಚ್ಚಿಟ್ಟದ್ದು, ಅವನ ಜೊತೆ ಹುಟ್ಟಿದವಳದು. ಅವನು ಬಹಳ ಹೊತ್ತು ಗಾಜಿನ ಮುಂದೆ ನಿಂತಿದ್ದ. ಬಂದು ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ನಾ ಹಾಜರಿ ಅಂತ ನಕ್ಕಿದ್ನೆಲ್ಲ" ಎಂದ ಅಷ್ಟೇ.

"ಒಂದು ಮಾಡು ಅಂದಾಕಿ ನಾ" ಎಂದು ಅಮ್ಮಿ ಮೂಲೆಯಿಂದ ಹೇಳಿದರು. "ಆಕೀನ ಯಾಕ ನೋಡ್ತಿ? ನನ್ನ ನೋಡು."

ಮೂವರೂ ತಪ್ಪನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಮಗ ಎಚ್ಚರಾಗಿ ಗಂಟಲು ಹರಿದುಕೊಂಡ.

ನವೆಂಬರ್ 28, ಗುರುವಾರ

ಇವತ್ತು ಅವಳು ಉಸಿರು ನಿಲ್ಲಿಸಿದಳಂತೆ. ನರ್ಸು ಪಾದ ಉಜ್ಜಿದ ಮೇಲೆ ಮತ್ತೆ ಎಳೆದುಕೊಂಡಳಂತೆ. ಹೀಗಾಗುತ್ತದೆ, ದಿನ ತುಂಬದ ಮಕ್ಕಳು ಮರೆಯುತ್ತವೆ ಎಂದರು. ಉಸಿರಾಡುವುದನ್ನು ಮರೆಯುವುದೆಂದರೇನು?

ಗಾಜಿನ ಮುಂದೆ ನಿಂತು ಅವಳ ಹೊಟ್ಟೆ ಏರುವುದು ಇಳಿಯುವುದು ನೋಡುತ್ತಿದ್ದೆ. ಅವಳ ಜೊತೆ ನಾನೂ ಉಸಿರು ಬಿಡುತ್ತಿದ್ದೆ.

ಡಿಸೆಂಬರ್ 2, ಸೋಮವಾರ

ಅವಳನ್ನು ಇವತ್ತು ನನ್ನ ಪಕ್ಕಕ್ಕೆ ತಂದು ಮಲಗಿಸಿದರು. ಒಂದು ಕಡೆ ಅವನು, ಒಂದು ಕಡೆ ಅವಳು. ಬಲಗಡೆ ಅವಳೇ, ಹಾಗೇ ಬೇಕೆಂದು ಕೇಳಿಕೊಂಡೆ. ಮೊಲೆ ಹಿಡಿಯುವ ಶಕ್ತಿ ಇನ್ನೂ ಇಲ್ಲ, ಚಮಚದಲ್ಲಿ ಹನಿ ಹನಿ ಕುಡಿಸಬೇಕು, ಎರಡು ತಾಸು ಮೀರಬಾರದು. ಅವನಿಗೆ ಮೂರು ತಾಸಾದರೂ ನಡೆಯುತ್ತದೆ, ಆದರೆ ಅವನು ಕಾಯುವವನಲ್ಲ.

ಜಬಿಯ ಕೈಯಲ್ಲಿ ಲ್ಯಾಪ್‌ಟಾಪ್ ತರಿಸಿದೆ. ಹಳೆಯದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಅವನಿಗೊಂದು ಅವಧಿ, ಅವಳಿಗೊಂದು ಅವಧಿ. ಒಂದೊಂದನ್ನೂ ಬೇರೆ ಬೇರೆಯಾಗಿ ಮಾಡಿದ್ದೇನೆಯೇ ಎಂದು ಓದಿ ನೋಡಿದೆ, ಮತ್ತೆ ಓದಿ ನೋಡಿದೆ, ದೀಪಾಗೂ ಕಳಿಸಿ ತಪ್ಪು ಹುಡುಕು ಎಂದೆ. "ಇಲ್ರಿ ಮೇಡಮ್, ಸರಿ ಐತ್ರಿ" ಎಂದು ಬರೆದಳು. ನಂಬಿಕೆ ಬರದೆ ಅವನದನ್ನು ಒತ್ತಿ ಅವಳದು ಓಡುತ್ತಿದೆಯೇ ಎಂದು ನೋಡಿದೆ.

ಗಡಿಯಾರಗಳ ಮೇಲೆ ಹೆಸರು ಹಾಕಬೇಕಿತ್ತು. ಅವನ ಹೆಸರು ತೀರ್ಮಾನವಾಗಿದೆ, ಜಬಿಯ ಅಜ್ಜನದು, ಮಲೀಕ್. ಅವಳ ಹೆಸರಿನ ಮಾತು ಬಂದಾಗ ಜಬಿ ತಾಯಿಯ ಕಡೆ ನೋಡಿದ.

"ಅಮ್ಮಿ, ನನ್ನ ತಂಗಿಗೆ ಏನರೆ ಹೆಸರು ಇಟ್ಟಿದ್ದಿಯೇನ?"

ಅಮ್ಮಿ ಅವಳ ಟೋಪಿ ಸರಿಮಾಡುತ್ತಿದ್ದರು. "ಇಟ್ಟಿದ್ದೆ. ಮನಸಿನ್ಯಾಗ."

"ಮತ್ತ ಅದನ್ನ ಇಡೋಣು. ಆಕಿನ ತಿರುಗಿ ಬಂದಾಳ ಅಂತ ತಿಳ್ಕೋ."

ನನಗೂ ಅದು ಸರಿ ಎನಿಸಿತು. ಆದರೆ ಅಮ್ಮಿ ತಲೆ ಅಲ್ಲಾಡಿಸಿದರು.

"ಬ್ಯಾಡ. ಅದು ಆಕೀದು. ಆಕಿ ಹೊತ್ತು ಅಷ್ಟ ಇತ್ತು, ಆಕಿ ತಗೊಂಡು ಹೋದ್ಲು. ಈಕಿಗೆ ಈಕೀದ ಬೇಕು. ಹೊಸದು ಇಡ್ರಿ."

ಎಂಟು ವರ್ಷ ಬೋರ್ಡಿನ ಮುಂದೆ ನಿಂತು ಹೇಳಿದ ಪಾಠ ನನಗೆ ಈಗ ತಲೆಗೆ ಹೋದ ಹಾಗಾಯಿತು. ಹೆಸರು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಗಡಿಯಾರದ ಮೇಲೆ "ಸಣ್ಣಾಕಿ" ಎಂದು ಹಾಕಿದ್ದೇನೆ.

ಮಧ್ಯಾಹ್ನ ಗಂಟೆ ಹೊಡೆಯಿತು. ಹಳೆಯ ಅದೇ ಸದ್ದು, ಬದಲಿಸುವುದು ಮರೆತಿದ್ದೆ. ಅವಳ ಕಡೆ ತಿರುಗಿದರೆ ಕಣ್ಣು ಬಿಟ್ಟುಕೊಂಡು ಬಾಯಿ ಅಲ್ಲಾಡಿಸುತ್ತಿದ್ದಳು, ಅಷ್ಟೇ. ಹಸಿವು.

ಪಕ್ಕದ ಮಂಚದ ಹೆಂಗಸು ಅತ್ತ ತಿರುಗಿ ಕೇಳಿದಳು. "ಏನದು ಗಂಟಿ? ಎಷ್ಟು ಮಕ್ಕಳು ನಿಮ್ಮವು?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮಿ ನನ್ನ ಫೋನನ್ನು ಎತ್ತಿ ಅವಳ ಮುಖಕ್ಕೆ ಹಿಡಿದರು, ಎರಡೂ ಗಡಿಯಾರ ಕಾಣುವ ಹಾಗೆ. "ಎರಡವಾ. ಇದು ಅವಂದು. ಇದು ಈಕೀದು. ಈಕೀಗೆ ಹೊತ್ತಾಗೈತಿ."

ಚಮಚದಲ್ಲಿ ಕುಡಿಸಿದೆ. ಅರ್ಧ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಆಮೇಲೆ ಅವಳ ಬಟನ್ ಒತ್ತಿದೆ. ಅವಳದು ಸೊನ್ನೆಗೆ ಬಂದು ಮತ್ತೆ ಹೊರಟಿತು. ಅವನದು ತನ್ನ ಪಾಡಿಗೆ ಓಡುತ್ತಲೇ ಇತ್ತು.